ಬೀರುವಿನೊಳಗಿನ ರಿವಾಲ್ವರ್: ಕೊಳ್ಳುವುದರಿಂದ ಒರೆಸಿಡುವವರೆಗೆ

ರಿವಾಲ್ವರ್ ತಗೋಬೇಕು, ಏನು ಮಾಡಬೇಕು ಅಂತ ಕೇಳಿಕೊಂಡು ಬರುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆ ಬೀರುವಿನ ಕೀ ಎಲ್ಲಿರುತ್ತದೆ? "ಅದಾ, ಬೀರುವಿಗೇ ಸಿಕ್ಕಿಸಿರ್ತೀವಿ" ಅಂದರೆ ಕಾಫಿ ಕೊಟ್ಟು ಕಳಿಸಿಬಿಡುತ್ತೇನೆ. ಲೈಸೆನ್ಸ್, ಮಾಡೆಲ್, ಬೆಲೆ ಎಲ್ಲ ಆಮೇಲಿನ ಮಾತು.

ನಮ್ಮದು ಶಿಡ್ಲಘಟ್ಟ. ರೇಷ್ಮೆ ನೂಲು ಬಿಚ್ಚುವ ಮನೆ. ಗೂಡಿನ ಮಾರುಕಟ್ಟೆಯಲ್ಲಿ ಆಗೆಲ್ಲ ನಗದು ವ್ಯವಹಾರ. ಅಪ್ಪ ಚೀಲದಲ್ಲಿ ದುಡ್ಡು ಇಟ್ಟುಕೊಂಡು ಬೆಳಗ್ಗೆ ಬೆಳಗ್ಗೆ ಹೊರಡುತ್ತಿದ್ದರು. 1998ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ (.32 ಅನ್ನುವುದು ಇಂಚಿನಲ್ಲಿ ಗುಂಡಿನ ಅಳತೆ) ಒಂದನ್ನು ಕೊಂಡರು. ಅದನ್ನು ಒಮ್ಮೆಯೂ ಯಾರ ಕಡೆಗೂ ತೋರಿಸುವ ಪ್ರಸಂಗ ಬರಲಿಲ್ಲ. ಈಗ ಗೂಡಿನ ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತದೆ. ಚೀಲ ಹೋಯಿತು, ರಿವಾಲ್ವರ್ ಉಳಿಯಿತು, ಈಗ ನನ್ನ ಹೆಸರಿನಲ್ಲಿ. ಇಷ್ಟು ವರ್ಷದಲ್ಲಿ ಅದಕ್ಕೆ ಕೆಟ್ಟದ್ದು ಅಂತ ಆಗಿದ್ದೆಲ್ಲ ನಮ್ಮ ಕೈಯಿಂದಲೇ. ಕೆಳಗೆ ಬರೆದಿರುವುದರಲ್ಲಿ ಅರ್ಧ ಹಾಗೆ ಕಲಿತದ್ದು.

ಮೊದಲು ಕಾಗದ

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು, ಇವೆರಡೇ ಇಲ್ಲಿ ಆಧಾರ. ವಯಸ್ಸು 21 ತುಂಬಿರಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಯಾಕೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ಅರ್ಜಿ ಫಾರಂ ಎ-1. ಅದರ ಜೊತೆ ಗುರುತು ಮತ್ತು ವಿಳಾಸದ ದಾಖಲೆ, ವೈದ್ಯರ ಸರ್ಟಿಫಿಕೇಟ್, ಬಂದೂಕು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದ ಸರ್ಟಿಫಿಕೇಟ್ ಇರಬೇಕು. ಆಮೇಲೆ ಅದು ಪೊಲೀಸ್ ವರದಿಗೆ ಹೋಗುತ್ತದೆ. ಕೋಲಾರದವರು ಒಂದು ಗಮನಿಸಿ. ಜಿಲ್ಲೆ ಒಂದೇ ಆದರೂ ಕೆಜಿಎಫ್‌ಗೆ ಬೇರೆ ಎಸ್‌ಪಿ ಇದ್ದಾರೆ. ಬಂಗಾರಪೇಟೆ, ಕೆಜಿಎಫ್ ಕಡೆಯವರು ತಮ್ಮ ಠಾಣೆ ಯಾರ ಕೆಳಗೆ ಬರುತ್ತದೆ ಅಂತ ತಿಳಿದುಕೊಂಡೇ ಓಡಾಡಿ.

ಅರ್ಜಿಯಲ್ಲಿ "ಯಾಕೆ ಬೇಕು" ಅನ್ನುವ ಜಾಗವೇ ಮುಖ್ಯ. "ಆತ್ಮರಕ್ಷಣೆಗೆ" ಅಂತ ಒಂದೇ ಪದ ಬರೆದು ಕೊಟ್ಟರೆ ಯಾರೂ ಒಪ್ಪುವುದಿಲ್ಲ. ಏನು ವ್ಯಾಪಾರ, ಎಷ್ಟು ನಗದು ಓಡಾಡುತ್ತದೆ, ಮನೆ ಊರಿಂದ ಎಷ್ಟು ದೂರ, ಹಿಂದೆ ಬೆದರಿಕೆ ಬಂದಿದ್ದರೆ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ, ಎಲ್ಲ ಇರಲಿ. ಹೊಲಕ್ಕೆ ಹಂದಿ ಬರುತ್ತೆ ಅನ್ನುವ ಕಾರಣಕ್ಕೆ ರಿವಾಲ್ವರ್ ಕೇಳಬೇಡಿ. ಬೆಳೆ ರಕ್ಷಣೆಯ ಲೈಸೆನ್ಸ್ ಬೇರೆ, ಅದಕ್ಕೆ ಕೊಡುವುದು ಉದ್ದ ನಳಿಗೆಯ ಬಂದೂಕು. ದೇವರಾಯನದುರ್ಗದ ಚಿರತೆಯಾಗಲಿ, ಕಾಮಸಮುದ್ರದ ಕಡೆ ಇಳಿಯುವ ಆನೆಯಾಗಲಿ, ಅವುಗಳ ಮೇಲೆ ಗುಂಡು ಹಾರಿಸಿದರೆ 1972ರ ವನ್ಯಜೀವಿ ಕಾಯ್ದೆ ನಿಮ್ಮನ್ನು ಬಿಡುವುದಿಲ್ಲ.

"ಒಳಗೆ ನಮ್ಮೋರಿದ್ದಾರೆ, ಮಾಡಿಸಿಕೊಡ್ತೀನಿ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ದೂರ ಇರಿ. ನಕಲಿ ಲೈಸೆನ್ಸ್ ಕೈಯಲ್ಲಿದ್ದರೆ ಜೈಲಿಗೆ ಹೋಗುವುದು ನೀವೇ ಹೊರತು ಅವರಲ್ಲ.

ಈಗ ಪ್ರತಿ ಲೈಸೆನ್ಸ್‌ಗೂ ಯುಐಎನ್ ಅನ್ನುವ, ಅದಕ್ಕೇ ಮೀಸಲಾದ ಗುರುತಿನ ನಂಬರ್ ಇರುತ್ತದೆ. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷ ಆಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಹಳೆ ಲೈಸೆನ್ಸ್ ಇರುವ ಮನೆಯವರಿಗೆ ಇನ್ನೊಂದು ಮಾತು. ಅಪ್ಪನ ಲೈಸೆನ್ಸ್ ಪುಸ್ತಕ ಕೋಲಾರ ಜಿಲ್ಲೆಯದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ, ಹೊಸ ಕಡೆ ನಮ್ಮ ಹೆಸರು ಸರಿಯಾಗಿ ಏರಿದೆಯಾ ಅಂತ ನಾವು ಹೋಗಿ ನೋಡಲೇ ಇಲ್ಲ. ಸೋಮಾರಿತನ ನಮ್ಮದೇ. ಅದರ ಫಲವಾಗಿ ಮುಂದೆ ನನ್ನ ಹೆಸರಿಗೆ ಮಾಡಿಸುವಾಗ ಹಳೆ ಪುಟಗಳ ಪ್ರತಿ ಹಿಡಿದುಕೊಂಡು ಅಲೆದಿದ್ದೂ ನಾವೇ. ನಿಮ್ಮ ಪುಸ್ತಕವನ್ನು ಇವತ್ತೇ ತೆಗೆದು ನೋಡಿ.

ಯಾವುದು ಗಟ್ಟಿ?

ಅಮೆರಿಕದವರು ಗಟ್ಟಿ ರಿವಾಲ್ವರ್ ಅಂದರೆ ರೂಗರ್ ಜಿಪಿ-100 ಹೆಸರು ಹೇಳುತ್ತಾರೆ. 1985ರಿಂದ ಬರುತ್ತಿರುವ ಮಾಡೆಲ್. .357 ಮ್ಯಾಗ್ನಂ ಗುಂಡು, ನಾಲ್ಕು ಇಂಚು ನಳಿಗೆಯದಾದರೆ ತೂಕ ಒಂದು ಕಿಲೋ ಮೀರುತ್ತದೆ. ಚೌಕಟ್ಟಿಗೆ ಪಕ್ಕದ ಮುಚ್ಚಳವೇ ಇಲ್ಲ, ಎರಡೂ ಬದಿ ಅಖಂಡ. ಯೂಟ್ಯೂಬ್‌ನಲ್ಲಿ ನೋಡಿ ಆಸೆಪಟ್ಟರೆ ಸಾಕು. ಸಾಮಾನ್ಯ ಜನ ಹೊರದೇಶದಿಂದ ಬಂದೂಕು ತರಿಸುವುದು 1980ರ ದಶಕದಲ್ಲೇ ನಿಂತುಹೋಯಿತು. ಅದಕ್ಕೂ ಮುಂಚೆ ಬಂದ ವಿದೇಶಿ ಮಾಲು ಕೈಬದಲಾಗುವಾಗ ಹೇಳುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ನಮಗೆ ಸಿಗುವುದು ಮುಖ್ಯವಾಗಿ .32. ಇದರ ಗುಂಡಿನ ಪೂರ್ತಿ ಹೆಸರು .32 ಸ್ಮಿತ್ ಆಂಡ್ ವೆಸ್ಸನ್ ಲಾಂಗ್. 1896ರಲ್ಲಿ ಬಂದ ಹಳೆಯ ಗುಂಡು, ಸೌಮ್ಯ ಸ್ವಭಾವದ್ದು. ಸುಮ್ನೆ ಹಳೇದು ಅಂತ ಮೂಗು ಮುರಿಯಬೇಡಿ, ಅಂತಾರಾಷ್ಟ್ರೀಯ 25 ಮೀಟರ್ ಸ್ಪರ್ಧೆಯಲ್ಲಿ ಇದೇ ಗುಂಡು ಇವತ್ತಿಗೂ ಓಡುತ್ತಿದೆ.

ಕಾನ್ಪುರದ ಹಳೆ ಮಾದರಿ ಬ್ರಿಟಿಷರ ಕಾಲದ ವೆಬ್ಲಿ ಮಾರ್ಕ್ 4ರ ವಂಶದ್ದು. ಮಡಚಿ ತೆರೆಯುವಂಥದ್ದು. ಮೇಲಿನ ಕೊಂಡಿ ಒತ್ತಿ ನಳಿಗೆ ಕೆಳಗೆ ಬಗ್ಗಿಸಿದರೆ ಆರೂ ಖಾಲಿ ತೋಟಾ ತಾನಾಗಿ ಮೇಲೇಳುತ್ತವೆ. ಮೂಲ ವಿನ್ಯಾಸ .38 ಗುಂಡಿಗೆ ಮಾಡಿದ್ದು. ಅದರಲ್ಲಿ ಸಣ್ಣ .32 ಹಾಕಿದ್ದರಿಂದ ಚೌಕಟ್ಟಿಗೆ ಹೊರೆ ಕಡಿಮೆ, ಬಾಳಿಕೆ ಜಾಸ್ತಿ. ತೂಕ ಸುಮಾರು 700 ಗ್ರಾಂ. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, 500 ಗ್ರಾಂ. ಹೆಣ್ಣುಮಕ್ಕಳಿಗೆ ಅಂತ ಪ್ರಚಾರ ಮಾಡಿದರು. ಹಗುರ ಇದ್ದಷ್ಟೂ ಕೈಗೆ ಪೆಟ್ಟು ಜಾಸ್ತಿ ಅನ್ನುವುದನ್ನು ಪ್ರಚಾರದಲ್ಲಿ ಯಾರು ಹೇಳುತ್ತಾರೆ? 2023ರಲ್ಲಿ ಬಂದ ಪ್ರಬಲ್‌ನಲ್ಲಿ ತೋಟಾ ತುಂಬುವ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ಚೌಕಟ್ಟು ಮಡಚುವುದಿಲ್ಲ. ಇವತ್ತು ಹೊಸದು ಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ. ಮಡಚುವ ಮಾದರಿಯಲ್ಲಿ ಮೊದಲು ಸವೆಯುವುದೇ ಆ ಕೊಂಡಿ ಮತ್ತು ಕೀಲು. ಪ್ರಬಲ್‌ನಲ್ಲಿ ಆ ತಲೆನೋವೇ ಇಲ್ಲ.

ಹಳೆಯದನ್ನು ಕೊಳ್ಳುವಾಗ

ಲೈಸೆನ್ಸ್ ಇರುವ ಡೀಲರ್ ಅಂಗಡಿಯಲ್ಲಿ ಮಾತ್ರ. ಮೊದಲು ತೆರೆದು ಆರೂ ತೂತು ಖಾಲಿ ಇದೆಯಾ ನೋಡಿ. ಅಂಗಡಿಯವರು ನೋಡಿ ಕೊಟ್ಟಿದ್ದರೂ ನೀವು ಮತ್ತೆ ನೋಡಿ, ಅದರಲ್ಲಿ ಸಂಕೋಚ ಬೇಡ.

ಹ್ಯಾಮರ್ ಅನ್ನು, ಅಂದರೆ ಹಿಂಬದಿಯ ಪುಟ್ಟ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ಬಂದು ನಿಲ್ಲುವಷ್ಟರಲ್ಲಿ ಸಿಲಿಂಡರ್ ತನ್ನ ಜಾಗದಲ್ಲಿ ಟಕ್ ಅಂತ ಕೂತಿರಬೇಕು. ಆರು ತೂತಿಗೂ ಆರು ಸಲ ಹೀಗೆ ಮಾಡಿ. ಒಂದರಲ್ಲಿ ಹಿಂದೆ ಬಿದ್ದರೂ ಬೇಡ. ಕೂತ ಸಿಲಿಂಡರ್ ಅನ್ನು ಬೆರಳಲ್ಲಿ ಅಲುಗಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ. ಹಿಂದಕ್ಕೂ ಮುಂದಕ್ಕೂ ಜಾರಿದರೆ ಸವೆದಿದೆ ಅಂತ ಅರ್ಥ. ಮಡಚುವ ಮಾದರಿಯಾದರೆ ನಳಿಗೆ ಒಂದು ಕೈಯಲ್ಲಿ, ಹಿಡಿ ಒಂದು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಬಲವಾಗಿ ಅಲ್ಲಾಡಿಸಿ. ಹಳೇ ಬಾಗಿಲಿನ ಹಾಗೆ ಕಟಕಟ ಅಂದರೆ ಹಾಗೇ ವಾಪಸ್ ಇಡಿ. ಎಳೆದು ನಿಲ್ಲಿಸಿದ ಹ್ಯಾಮರ್ ಅನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ. ಟ್ರಿಗರ್ ಮುಟ್ಟದೆ ಅದು ಬಿದ್ದರೆ ಆ ರಿವಾಲ್ವರ್ ಅಪಾಯ. ಕೊನೆಗೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು, ಒಳಗೆ ಉಂಗುರದ ಹಾಗೆ ಉಬ್ಬು ಕಂಡರೆ ಯಾವುದೋ ಕಾಲದಲ್ಲಿ ಅಲ್ಲಿ ಗುಂಡು ಸಿಕ್ಕಿಕೊಂಡಿತ್ತು ಅಂತ ತಿಳಿಯಿರಿ.

ಕೊಂಡ ಮೇಲೆ ರಿವಾಲ್ವರಿನ ನಂಬರ್ ಲೈಸೆನ್ಸ್‌ನಲ್ಲಿ ಏರಿಸಿ ತೋರಿಸುವ ಕೆಲಸ ಇರುತ್ತದೆ, ತಡ ಮಾಡಬೇಡಿ.

ತೋಟಾ ಕೊಳ್ಳುವಾಗ ಪೆಟ್ಟಿಗೆ ಓದಿ. ".32" ಅಂತ ಎರಡು ಬಗೆ ಇದೆ. ಒಂದು ರಿವಾಲ್ವರಿನದು, ಇನ್ನೊಂದು ಪಿಸ್ತೂಲಿನದು. ಪಿಸ್ತೂಲಿನದು ಗಿಡ್ಡ. ಕೆಲವು ಸಿಲಿಂಡರ್‌ಗಳಲ್ಲಿ ಅದು ಕೂತೂ ಬಿಡುತ್ತದೆ. ಆದರೆ ಅದರ ಒತ್ತಡ ಬೇರೆ, ಹಾಕಲೇಬೇಡಿ. ವರ್ಷಕ್ಕೆ ಎಷ್ಟು, ಒಂದು ಸಲಕ್ಕೆ ಎಷ್ಟು ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಖಾಲಿ ತೋಟಾಗಳನ್ನು ಎಸೆಯದೆ ಡಬ್ಬದಲ್ಲಿ ಇಡಿ, ಲೆಕ್ಕ ಕೇಳಿದರೆ ಬೇಕಾಗುತ್ತದೆ.

ಎಲ್ಲಿ ಹೊಡೆಯುವುದು?

ತೋಟದಲ್ಲಿ ಅಲ್ಲ. ನಮ್ಮ ಕಡೆ ಖಾಲಿ ಕಲ್ಲು ಕ್ವಾರಿಗಳು ಬೇಕಾದಷ್ಟಿವೆ, ಅಲ್ಲಿ ಒಂದೆರಡು ಹಾರಿಸೋಣ ಅನ್ನುವ ಮಾತು ಕೇಳಿದ್ದೇನೆ. ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಸೀಸದ ಗುಂಡು ಬಂಡೆಗೆ ಬಡಿದರೆ ಯಾವ ಕಡೆ ಚಿಮ್ಮುತ್ತದೆ ಅಂತ ಹೇಳಲಾಗದು. ಮದುವೆ, ಜಾತ್ರೆ, ಗೆದ್ದ ಖುಷಿಗೆ ಆಕಾಶಕ್ಕೆ ಹಾರಿಸಿ ಜನರ ಜೀವಕ್ಕೆ ಅಪಾಯ ಮಾಡಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಹೋಗುವುದು ಅದರ ಮೇಲಿನ ಮಾತು.

ಹೊಡೆಯುವುದು ಶೂಟಿಂಗ್ ರೇಂಜಿನಲ್ಲಿ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಠಾಣೆಯಲ್ಲಿ ವಿಚಾರಿಸಿ ಹೆಸರು ಕೊಡಿ. ಅಲ್ಲಿ ಕೈಗೆ ಸಿಗುವುದು ಬಹುಶಃ ರೈಫಲ್. ಆದರೂ ಶಿಸ್ತು ಕಲಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಿಮ್ಮದೇ ರಿವಾಲ್ವರ್ ಹೊಡೆಯಲು ಬೆಂಗಳೂರಿನ ಕಡೆ ರೈಫಲ್ ಕ್ಲಬ್ ಸೇರಬೇಕು. ಮೊದಲೇ ಫೋನ್ ಮಾಡಿ, ಸ್ವಂತ .32 ತರಬಹುದಾ ಅಂತ ಕೇಳಿಕೊಂಡೇ ಹೊರಡಿ.

ಹೊಡೆಯುವ ರೀತಿ

ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ನಳಿಗೆ ಯಾವತ್ತೂ ಗುರಿಯ ಕಡೆಗೆ. ಹೊಡೆಯುವ ತೀರ್ಮಾನ ಆಗುವವರೆಗೆ ತೋರುಬೆರಳು ಟ್ರಿಗರ್ ಒಳಗೆ ಹೋಗಬಾರದು, ಚೌಕಟ್ಟಿನ ಪಕ್ಕ ಚಾಚಿರಬೇಕು. ಈ ಒಂದು ಅಭ್ಯಾಸ ಮೂಳೆಗೆ ಇಳಿದರೆ ಮಿಕ್ಕ ಎಷ್ಟೋ ತಪ್ಪು ಪ್ರಾಣ ತೆಗೆಯುವುದಿಲ್ಲ.

ಹಿಡಿಯನ್ನು ಎಷ್ಟು ಮೇಲೆ ಸಾಧ್ಯವೋ ಅಷ್ಟು ಮೇಲೆ ಹಿಡಿಯಿರಿ. ಕೆಳಗೆ ಹಿಡಿದರೆ ಪ್ರತಿ ಗುಂಡಿಗೂ ಮೂತಿ ಆಕಾಶ ನೋಡುತ್ತದೆ. ಎಡಗೈ ಬಲಗೈಯನ್ನು ಸುತ್ತಿರಲಿ. ಆದರೆ ಎಡಗೈ ಹೆಬ್ಬೆರಳು ಸಿಲಿಂಡರ್ ಮುಂದಕ್ಕೆ ಹೋಗಬಾರದು. ಸಿಲಿಂಡರ್ ಮತ್ತು ನಳಿಗೆ ನಡುವೆ ಸಣ್ಣ ಸಂದು ಇರುತ್ತದೆ. ಅಲ್ಲಿಂದ ಬಿಸಿ ಅನಿಲವೂ ಸೀಸದ ಚೂರೂ ಪಕ್ಕಕ್ಕೆ ಚಿಮ್ಮುತ್ತವೆ. ಪಿಸ್ತೂಲ್ ಹೊಡೆದು ರೂಢಿ ಇರುವವರೇ ಇಲ್ಲಿ ಸುಟ್ಟುಕೊಳ್ಳುವುದು ಜಾಸ್ತಿ.

ಕಣ್ಣು ಗುರಿಯ ಮೇಲೆ ಅಲ್ಲ, ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊನೆಯ ಮೇಲೆ. ಗುರಿ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ. ಟ್ರಿಗರ್ ಅನ್ನು ನಿಂಬೆಹಣ್ಣು ಹಿಂಡಿದ ಹಾಗೆ ಒಂದೇ ಸಮ ಹಿಂಡಬೇಕು, ಕಿತ್ತುಕೊಂಡ ಹಾಗೆ ಎಳೆಯಬಾರದು. ಮೊದಲು ಹ್ಯಾಮರ್ ಎಳೆದಿಟ್ಟು ಹೊಡೆಯಿರಿ, ಟ್ರಿಗರ್ ಹಗುರ ಇರುತ್ತದೆ. ಆ ಅಭ್ಯಾಸ ಕೈಗೆ ಕೂತ ಮೇಲೆ ಟ್ರಿಗರ್ ಒಂದರಿಂದಲೇ ಎಳೆದು ಹೊಡೆಯಲು ಶುರು ಮಾಡಿ. ಅದು ಉದ್ದ, ಭಾರ. ಆದರೆ ನಿಜವಾಗಿ ಬೇಕಾದ ದಿನ ಕೈ ಮಾಡುವುದು ಅದನ್ನೇ. ಆರಂಭಕ್ಕೆ ಏಳು ಮೀಟರ್ ಸಾಕು. ಊಟದ ತಟ್ಟೆಯಷ್ಟು ಗುರಿಯೊಳಗೆ ಆರೂ ಬಿದ್ದ ಮೇಲೆ ಹತ್ತಕ್ಕೆ ಹೋಗಿ. ಮೂರು ಇಂಚು ನಳಿಗೆಯಲ್ಲಿ 25 ಮೀಟರ್ ಅನ್ನುವುದು ಆಸೆ ಅಷ್ಟೇ.

ಗುಂಡು ಕಡಿಮೆ ಸಿಗುವ ನಮ್ಮಂಥವರಿಗೆ ಎರಡು ಉಪಾಯ ಇವೆ. ಒಂದು, ಜೊತೆಯವರಿಂದ ಸಿಲಿಂಡರ್ ತುಂಬಿಸಿ. ನಾಲ್ಕು ಒಳ್ಳೆಯ ತೋಟಾ, ಎರಡು ಹಾರಿಸಿದ ತೋಟಾದ ಖಾಲಿ ಕೊಳವೆ, ಯಾವುದು ಎಲ್ಲಿ ಅಂತ ನಿಮಗೆ ಗೊತ್ತಿರಬಾರದು. ಖಾಲಿ ಕೊಳವೆ ಬಂದಾಗ ರಿವಾಲ್ವರ್ ಮೂತಿ ಕೆಳಕ್ಕೆ ಜಗ್ಗಿದರೆ ನೀವು ಸದ್ದಿಗೆ ಮೊದಲೇ ಹೆದರುತ್ತಿದ್ದೀರಿ. ನಾನು ಮೊದಲ ಸಲ ಮಾಡಿದಾಗ ಮೂತಿ ನೆಲ ಮುಟ್ಟುವುದೊಂದು ಬಾಕಿ. ಎರಡನೆಯದು ಮನೆಯಲ್ಲಿ. ಒಳ್ಳೆಯ ಗುಂಡೆಲ್ಲ ಬೇರೆ ಕೋಣೆಯಲ್ಲಿರಲಿ. ರಿವಾಲ್ವರ್ ಖಾಲಿ ಅಂತ ಮೂರು ಸಲ ನೋಡಿ, ಡಮ್ಮಿ ತೋಟಾ ಹಾಕಿ. ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಹಿಂಡಿ. ನಾಣ್ಯ ಬೀಳಬಾರದು. ಡಮ್ಮಿ ಇಲ್ಲದೆ ಬರೀ ಟಕ್ ಟಕ್ ಅನ್ನಿಸಿದರೆ ಹಳೆ ಮಾದರಿಗಳಲ್ಲಿ ತೋಟಾಗೆ ಬಡಿಯುವ ಪಿನ್ ಮುರಿಯಬಹುದು.

ಟ್ರಿಗರ್ ಎಳೆದು ಟಕ್ ಅಂದು ಗುಂಡು ಹಾರದಿದ್ದರೆ, ಮೂತಿ ಗುರಿಯ ಕಡೆಗೇ ಇಟ್ಟು ಮನಸ್ಸಿನಲ್ಲಿ ಮೂವತ್ತು ಎಣಿಸಿ, ಆಮೇಲೆ ತೆರೆಯಿರಿ. ಇದಕ್ಕಿಂತ ಭಯದ್ದು ಇನ್ನೊಂದಿದೆ. ಒಂದು ಸಲ ರೇಂಜಿನಲ್ಲಿ ನನ್ನ ನಾಲ್ಕನೇ ಗುಂಡಿಗೆ ಢಂ ಅನ್ನುವ ಬದಲು ಫುಸ್ ಅಂತ ಸದ್ದು ಬಂತು. ನಾನು ಐದನೆಯದಕ್ಕೆ ಬೆರಳು ಇಟ್ಟೇ ಬಿಟ್ಟಿದ್ದೆ. ರೇಂಜಿನವರು "ನಿಲ್ಸಿ ಸಾರ್!" ಅಂತ ಕೂಗಿದರು. ತೆರೆದು ನೋಡಿದರೆ ಗುಂಡು ನಳಿಗೆಯ ಮಧ್ಯೆಯೇ ಕೂತಿದೆ. ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಉಬ್ಬುತ್ತಿತ್ತು, ಸೀಳಿದರೂ ಸೀಳಬಹುದಿತ್ತು. ರಿಪೇರಿಯವರು ಹಿತ್ತಾಳೆ ಸರಳಿನಿಂದ ನಿಧಾನಕ್ಕೆ ತಳ್ಳಿ ತೆಗೆದರು. ತಪ್ಪು ಗುಂಡಿನದಲ್ಲ. ಅದು ಅಪ್ಪನ ಕಾಲದ ಪೆಟ್ಟಿಗೆ, ವರ್ಷಗಟ್ಟಲೆ ಇದ್ದದ್ದು ನೂಲು ಬಿಚ್ಚುವ ಕೋಣೆಯ ಪಕ್ಕದ ಗೋಡೆಗೂಡಿನಲ್ಲಿ. ರೇಷ್ಮೆಗೂಡು ಬೇಯಿಸುವ ನೀರಿನ ಹಬೆ ದಿನವೂ ಆ ಗೋಡೆಗೆ ಬಡಿಯುತ್ತಿತ್ತು.

ಮುಗಿಸಿದ ಮೇಲೆ ಕೈ, ಮುಖ ಸೋಪು ಹಾಕಿ ತೊಳೆಯಿರಿ. ಸೀಸ ಕೈಗೆ ಅಂಟಿರುತ್ತದೆ. ಅದೇ ಕೈಯಲ್ಲಿ ಮುದ್ದೆ ಮುರಿದರೆ ಅದು ಹೊಟ್ಟೆಗೆ ಹೋಗುತ್ತದೆ.

ಒರೆಸುವುದು, ಮತ್ತು ಆಯುಧ ಪೂಜೆ

ಹೊಡೆದ ದಿನವೇ ಸ್ವಚ್ಛ ಮಾಡಿ. ಹಿತ್ತಾಳೆ ಬ್ರಷ್‌ನಿಂದ ನಳಿಗೆಯನ್ನು, ಆರು ತೂತುಗಳನ್ನು ಉಜ್ಜಿ, ಬಿಳಿ ಬಟ್ಟೆ ಬೆಳ್ಳಗೇ ಹೊರಬರುವವರೆಗೆ ಒರೆಸಿ. ಮಡಚುವ ಮಾದರಿಯ ಒಂದು ಸುಖ ಇದೇ, ನಳಿಗೆಯನ್ನು ಹಿಂದಿನಿಂದ ಉಜ್ಜಬಹುದು. ಸಿಲಿಂಡರ್ ಮುಂಭಾಗದ ಕಪ್ಪು ಉಂಗುರಗಳನ್ನು ಪೂರ್ತಿ ಹೊಳೆಯಿಸಲು ಹೋಗಬೇಡಿ, ಚಟ ಹತ್ತಿಸಿಕೊಂಡು ಲೋಹವನ್ನೇ ಸವೆಸುತ್ತೀರಿ. ಆಮೇಲೆ ತೆಳ್ಳಗೆ ಗನ್ ಆಯಿಲ್. ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ತೂತುಗಳಲ್ಲಿ ಮಾತ್ರ ಎಣ್ಣೆ ನಿಲ್ಲಬಾರದು, ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಕ್ಯಾಪ್‌ಗೆ ಇಳಿದು ಅದನ್ನು ಕೊಲ್ಲುತ್ತದೆ.

ಕೊಬ್ಬರಿ ಎಣ್ಣೆ ಬೇಡ. ಅಪ್ಪ ಅದನ್ನೇ ಹಚ್ಚುತ್ತಿದ್ದರು. ಡಿಸೆಂಬರ್ ಚಳಿಗೆ ನಮ್ಮ ಕಡೆ ತಲೆಗೆ ಹಚ್ಚುವ ಡಬ್ಬದಲ್ಲೇ ಅದು ಗಟ್ಟಿಯಾಗುತ್ತದೆ ಅಲ್ವಾ? ರಿವಾಲ್ವರ್ ಒಳಗೂ ಅದೇ. ಹ್ಯಾಮರ್ ಜಾಗರಣೆ ಮಾಡಿದವರ ಹಾಗೆ ತೂಕಡಿಸುತ್ತಾ ಬೀಳುತ್ತಿತ್ತು. ಬೇಸಿಗೆಯಲ್ಲಿ ಕರಗಿ, ಧೂಳು ಹಿಡಿದು, ಅಂಟಾಗುತ್ತಿತ್ತು.

ಇನ್ನು ಆಯುಧ ಪೂಜೆ. ಆಯುಧ ಇರುವ ಮನೆಯಲ್ಲಿ ಅದನ್ನು ಬಿಟ್ಟು ಬರೀ ಸ್ಕೂಟರಿಗೆ ಪೂಜೆ ಮಾಡಲಾಗುತ್ತದಾ ಅಂತ ಮನೆಯವಳು ಕೇಳಿದಳು. ಸರಿ, ಅರಿಶಿನ, ಕುಂಕುಮ, ಮೇಲೊಂದು ನಿಂಬೆಹಣ್ಣಿನ ಹೋಳು. ಹಬ್ಬದ ಗಲಾಟೆಯಲ್ಲಿ ಎರಡು ದಿನ ಹಾಗೇ ಬಿಟ್ಟೆ. ನಿಂಬೆ ರಸ ಬಿದ್ದ ಕಡೆ ಕಪ್ಪು ಬಣ್ಣ ಎದ್ದು ಕಂದು ಕಲೆ ಬಂತು, ಇವತ್ತಿಗೂ ಇದೆ. ಕುಂಕುಮ ಹ್ಯಾಮರ್ ಸಂದಿಗೆ ಇಳಿದು ಎಣ್ಣೆಯ ಜೊತೆ ಕೆಸರಾಗಿತ್ತು. ಈಗ ನಮ್ಮ ಮನೆಯಲ್ಲಿ ರಿವಾಲ್ವರ್ ಬೀಗದ ಪೆಟ್ಟಿಗೆಯೊಳಗೇ ಇರುತ್ತದೆ, ಕುಂಕುಮ ಪೆಟ್ಟಿಗೆಗೆ. ದೇವಿ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

ಚರ್ಮದ ಹೋಲ್‌ಸ್ಟರ್‌ನಲ್ಲಿ ಹಾಕಿ ಒಳಗಿಡಬೇಡಿ. ಚರ್ಮ ತೇವ ಹಿಡಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಬೀರುವಿಗೆ ಬೀಗ ಇದ್ದರೆ ಸಾಲದು. ಅದರೊಳಗೆ ಸ್ಕ್ರೂ ಹಾಕಿ ಬಿಗಿದ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೇರೆ ಬೀಗ. ತೋಟಾ ಬೇರೆ ಕಡೆ, ಬೇರೆ ಕೀ. ಮಕ್ಕಳಿಗೆ ಗೊತ್ತಾಗದ ಜಾಗ ಅಂತ ಯಾವ ಮನೆಯಲ್ಲೂ ಇಲ್ಲ. ನನಗೆ ಹತ್ತು ವರ್ಷ ಇದ್ದಾಗಲೇ ಅಪ್ಪ ದುಡ್ಡಿನ ಚೀಲ ಬಚ್ಚಿಡುವ ಜಾಗ ಎಲ್ಲ ಗೊತ್ತಿತ್ತು.

ಊರು ದಾಟುವಾಗ

ಲೈಸೆನ್ಸ್‌ನಲ್ಲಿ ಯಾವ ಪ್ರದೇಶಕ್ಕೆ ಊರ್ಜಿತ ಅಂತ ಇರುತ್ತದೆ. ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ ನಂಗಲಿ ದಾಟಿ ಆಂಧ್ರಕ್ಕೆ ಕಾಲಿಟ್ಟ ಗಳಿಗೆಯಿಂದ ನೀವು ಲೈಸೆನ್ಸ್ ಇಲ್ಲದವರು. ಬಾಗೇಪಲ್ಲಿಯಿಂದ ಮೇಲಕ್ಕೂ ಹಾಗೇ, ಮಾಲೂರಿನಿಂದ ಹೊಸೂರಿಗೂ ಹಾಗೇ. ಪಾವಗಡದವರು ಇನ್ನೂ ಹುಷಾರು, ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ. ತಿರುಪತಿಗೆ ಹೊರಟರೆ ಮನೆಯಲ್ಲೇ ಬೀಗ ಹಾಕಿಡಿ. ಅಖಿಲ ಭಾರತ ಲೈಸೆನ್ಸ್ ಇದ್ದರೂ ಅಲಿಪಿರಿಯ ತಪಾಸಣೆಯಲ್ಲಿ ಅದನ್ನು ಬೆಟ್ಟಕ್ಕೆ ಬಿಡುವುದಿಲ್ಲ.

ಚುನಾವಣೆ ಬಂದಾಗ ಠಾಣೆಯಿಂದ ಕರೆ ಬರುತ್ತದೆ, ಠೇವಣಿ ಇಡಬೇಕು. ಕೊಡುವ ಮೊದಲು ಒರೆಸಿ, ಎಣ್ಣೆ ಹಚ್ಚಿ, ನಂಬರ್ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ರಸೀದಿಯಲ್ಲಿ ನಂಬರ್ ಸರಿ ಬರೆದಿದ್ದಾರಾ ಅಂತ ಅಲ್ಲೇ ಓದಿ. ವಾಪಸ್ ತಂದ ದಿನ ಬಿಚ್ಚಿ ನೋಡಿ, ಮತ್ತೆ ಎಣ್ಣೆ.

ಅಪ್ಪನಿಂದ ನನಗೆ ಬಂದದ್ದು 2017ರಲ್ಲಿ. ಲೈಸೆನ್ಸ್ ಇದ್ದವರಿಗೆ ಎಪ್ಪತ್ತು ತುಂಬಿದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷವಾದರೆ, ಬದುಕಿರುವಾಗಲೇ ವಾರಸುದಾರರು ಅರ್ಜಿ ಹಾಕಲು 2016ರ ನಿಯಮದಲ್ಲಿ ಅವಕಾಶ ಇದೆ. ತೀರಿಹೋದ ಮೇಲಾದರೆ ಮೊದಲು ಠಾಣೆಗೋ ಡೀಲರ್‌ಗೋ ಒಪ್ಪಿಸಿ, ಆಮೇಲೆ ಅರ್ಜಿ. "ಅಪ್ಪಂದು ಅಲ್ವಾ" ಅಂತ ಮನೆಯಲ್ಲಿ ಇಟ್ಟುಕೊಂಡರೆ ಅದು ಲೈಸೆನ್ಸ್ ಇಲ್ಲದ ಬಂದೂಕು. ನನ್ನ ಮಗಳು ರೇಂಜಿನಲ್ಲಿ ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಆದರೆ ಇದು ಬೇಡ ಅಂತಾಳೆ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎಲ್ಲಿಡಲಿ ಅಂತ ಕೇಳುತ್ತಾಳೆ. ಹಾಗಾಗಿ ಮುಂದಿನ ನವೀಕರಣ ಬರುವಷ್ಟರಲ್ಲಿ ಡೀಲರ್ ಹತ್ತಿರ ಮಾರಾಟದ ಮಾತು ಆಡಬೇಕು. ಆ ನಿಂಬೆಹಣ್ಣಿನ ಕಲೆಗೆ ಎಷ್ಟು ಬೆಲೆ ಇಳಿಸುತ್ತಾರೋ ನೋಡೋಣ.